ದನದ ಫಾರ್ಮಿಗೆ ಬರುವ ಮೊದಲು ಇದನ್ನು ತಿಳಿದುಕೋ

ತಮ್ಮಾ, ಚಳ್ಳಕೆರೆಯಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ದನದ ಫಾರ್ಮಿಗೆ ಕೆಲಸ ಸಿಕ್ಕಿದೆ ಅಂತ ಬರೆದಿದ್ದೀಯ. ಅಲ್ಲಿ ಬದುಕು ಹೇಗಣ್ಣ, ಚೆನ್ನಾಗಿರೋ ಹಸುಗಳನ್ನೂ ಮಾಂಸಕ್ಕೆ ಕಳಿಸುತ್ತಾರಂತೆ, ನಿಜವಾ ಅಂತ ಕೇಳಿದ್ದೀಯ. ನಾನೂ ನಾಯಕನಹಟ್ಟಿ ಕಡೆಯವನೇ. ಸುಮ್ನೆ ಧೈರ್ಯ ಹೇಳೋದಿಲ್ಲ.

ಊಟ, ಮನೆಯ ವಿಚಾರ ಹೇಗೋ ನಡೆಯುತ್ತದೆ. ಪೇಟೆ ದೂರ, ಜೋಳದ ಹಿಟ್ಟು ಇನ್ನೂ ದೂರ. ಬಿಸಿಲಂತೂ ನಿನಗೆ ಹೊಸದಲ್ಲ.

ಕೆಲಸದ ಮಾತು ಕೇಳು. ಇದು ಮಾಂಸಕ್ಕೆ ದನ ಸಾಕುವ ಫಾರ್ಮು, ಇಲ್ಲಿ ಹಾಲು ಕರೆಯುವುದಿಲ್ಲ. ಹಸುವಿನಿಂದ ಬರುವುದು ವರ್ಷಕ್ಕೊಂದು ಕರು, ಅಷ್ಟೇ. ಗಬ್ಬ ಸುಮಾರು 283 ದಿನ. ಅಂದರೆ ಕರು ಹಾಕಿದ 80 ದಿನದ ಆಸುಪಾಸಿನಲ್ಲೇ ಮತ್ತೆ ಗಬ್ಬ ನಿಲ್ಲಬೇಕು. ಕರುವಿಗೆ ಹಾಲು ಕೊಡುತ್ತಾ, ಒಣಹುಲ್ಲು ಮೇಯುತ್ತಾ ಅದು ಸುಲಭವಾ? ಮೊದಲ ಕರು ಹಾಕಿದ ಮಣಕಕ್ಕಂತೂ ಬಹಳ ಕಷ್ಟ. ಅದರ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ಎರಡನೇ ಸಲ ಗಬ್ಬ ನಿಲ್ಲದೆ ಮಾಂಸಕ್ಕೆ ಲಾರಿ ಹತ್ತುವುದು ಇಂಥವೇ ಜಾಸ್ತಿ. ಇದರಲ್ಲಿ ಮಾಲೀಕನಿಗೂ ಲಾಭವಿಲ್ಲ. ಮಣಕ ಸಾಕಿದ ಖರ್ಚು ಹುಟ್ಟಬೇಕಾದರೆ ಐದಾರು ಕರುವಾದರೂ ಬೇಕು. ಹಸು ಬಹಳ ವರ್ಷ ಬಾಳಲಿ ಅಂತ ಅವನಿಗೂ ಆಸೆ ಇದೆ.

ಅದಕ್ಕೇ ಮೊದಲು ಮೈ ನೋಡಲು ಕಲಿ. ಪಕ್ಕೆ, ಬೆನ್ನು, ಬಾಲದ ಬುಡ ನೋಡಿ 1ರಿಂದ 5ರವರೆಗೆ ಅಂಕ ಹಾಕುತ್ತಾರೆ. ಮೈ ಇಳಿದ ಹಸು ಬೆದೆಗೆ ಬರುವುದಿಲ್ಲ. ಹಾಗಾಗಿ ಐದಾರು ತಿಂಗಳಿಗೇ ಕರುವನ್ನು ತಾಯಿಯಿಂದ ಬಿಡಿಸುತ್ತಾರೆ, ಬರದ ವರ್ಷ ಇನ್ನೂ ಬೇಗ. ಆ ರಾತ್ರಿಗಳಲ್ಲಿ ಕರುಗಳ ಕೂಗಿಗೆ ನಿದ್ದೆ ಬರುವುದಿಲ್ಲ. ಆದರೆ ಹಿಂಡಿ ತಂದು ಹಾಕುವುದಕ್ಕಿಂತ ತಾಯಿಯನ್ನು ಉಳಿಸುವ ಅಗ್ಗದ ದಾರಿ ಅದೇ. ಉತ್ತರದ ಕಡೆ ಮಣ್ಣಿನಲ್ಲಿ ರಂಜಕ ಕಮ್ಮಿ. ಆ ಕೊರತೆಗೆ ದನಗಳು ಸತ್ತ ಪ್ರಾಣಿಗಳ ಎಲುಬು ಅಗಿಯುತ್ತವೆ, ಬಾಟುಲಿಸಂ ಅನ್ನೋ ವಿಷರೋಗ ಬಂದು ಸಾಯುತ್ತವೆ. ನೆಕ್ಕಲು ಖನಿಜ ಇಡುವುದು, ಲಸಿಕೆ ಹಾಕುವುದು ಇದಕ್ಕೇ.

ಡುಬ್ಬದ ಬ್ರಾಹ್ಮನ್ ದನ ಕಂಡಾಗ ಊರು ನೆನಪಾಗುತ್ತದೆ. ತಳಿ ಕಟ್ಟಿದ್ದು ಅಮೆರಿಕದಲ್ಲಿ, ರಕ್ತ ಮಾತ್ರ ನಮ್ಮದೇ: ಗಿರ್, ಓಂಗೋಲ್, ಕಾಂಕ್ರೇಜ್, ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿ. ಬಿಸಿಲಿಗೂ ಉಣ್ಣೆಹುಳಕ್ಕೂ ಜಗ್ಗುವುದಿಲ್ಲ, ಆದರೆ ಕರು ಹಾಕಿದ ಮೇಲೆ ಬೆದೆಗೆ ಬರುವುದು ತಡ. ಬೇರೆ ತಳಿ ಬೆರೆಸಿದ ಹಸುಗಳೇ ಹಿಂಡಿನಲ್ಲಿ ಹೆಚ್ಚು ವರ್ಷ ಉಳಿಯುತ್ತವೆ.

ಬರ ಬಂದರೆ ನಮ್ಮಲ್ಲಿ ಗೋಶಾಲೆ ತೆರೆಯುತ್ತಾರೆ. ಇಲ್ಲಿ ಮೇವು ಎಷ್ಟಿದೆಯೋ ಅಷ್ಟೇ ದನ ಇಟ್ಟುಕೊಳ್ಳುತ್ತಾರೆ. ಹತ್ತು ವರ್ಷ ದಾಟಿ ಹಲ್ಲು ಸವೆದರೆ, ಒಣಗಾಲದಲ್ಲಿ ಹೊಲದಲ್ಲೇ ಸಾಯುವ ಮೊದಲು ಕಳಿಸುತ್ತಾರೆ. ನಮ್ಮ ಕಡೆಯ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳನ್ನು, ಅವು ಸಾಯುವವರೆಗೂ ಕಿಲಾರಿಗಳು, ಅಂದರೆ ದನ ಕಾಯುವವರು, ಕಾಯುವುದನ್ನು ನೋಡಿ ಬೆಳೆದವನು ನೀನು. ಇಲ್ಲಿ ಗಬ್ಬ ಪರೀಕ್ಷೆಯ ದಿನ 'ಖಾಲಿ' ಎಂದ ಹಸುವನ್ನು ಬೇರೆ ಗೇಟಿಗೆ ಅಟ್ಟುವ ಕೈ ನಿನ್ನದೇ ಆಗಿರಬಹುದು. ನನಗೆ ಒಗ್ಗಿತು. ಒಗ್ಗದೆ ಹಾಲಿನ ಫಾರ್ಮಿಗೆ ಹೋದವರೂ ಇದ್ದಾರೆ. ಅಲ್ಲೂ ಹಸು ಕಳಿಸುತ್ತಾರೆ, ಅದು ಬೇರೆ ಮಾತು.

ಟಿಕೆಟ್ ತೆಗೆಯುವ ಮೊದಲು ಮಾಲೀಕನನ್ನು ಎರಡು ಮಾತು ಕೇಳು. ನೂರಕ್ಕೆ ಎಷ್ಟು ಹಸು ಗಬ್ಬ ನಿಲ್ಲುತ್ತವೆ? ಒಣಗಾಲಕ್ಕೆ ನೆಕ್ಕಲು ಏನು ಇಡುತ್ತೀರಿ? ಇವಕ್ಕೆ ತಡವರಿಸಿದರೆ ಬೇರೆ ಫಾರ್ಮ್ ನೋಡು.