ಹೊಸ ಸರ್ವರ್‌ನಲ್ಲಿ ಇಲ್ಲದವರ ಮೇಲ್ ಹಳೆಯ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಮೇಲ್ ಸರ್ವರ್‌ಗೆ ಹೋಗಬೇಕು, ಅಲ್ಲೂ ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಬೇಕು. ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್‌ನಲ್ಲಿ ಹೇಗೆ?

ಒಂದೇ ಡೊಮೇನ್, ಅರ್ಧ ಜನ ಪೋಸ್ಟ್‌ಫಿಕ್ಸ್-ಡವ್‌ಕಾಟ್‌ಗೆ (ಡವ್‌ಕಾಟ್ ಎಂದರೆ ಮೇಲ್‌ಬಾಕ್ಸ್‌ಗಳನ್ನು ಇಟ್ಟುಕೊಳ್ಳುವ ತಂತ್ರಾಂಶ) ಬಂದಿದ್ದಾರೆ, ಉಳಿದವರು ಇನ್ನೂ ಎಕ್ಸ್‌ಚೇಂಜ್‌ನಲ್ಲಿದ್ದಾರೆ ಎಂದಿದ್ದೀರಿ. ನಾನೂ ಇಂಥದ್ದೇ ವಲಸೆ ನೋಡಿಕೊಂಡಿದ್ದೇನೆ, ಖಂಡಿತ ಆಗುತ್ತದೆ.

ಲೂಸರ್ ರಿಲೇ (ಖಾತೆ ಇಲ್ಲದವರ ಮೇಲನ್ನೆಲ್ಲ ಒಂದೇ ಕಡೆಗೆ ತಳ್ಳುವ ಸೆಟ್ಟಿಂಗ್) ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಲೋಕಲ್ ಡೆಲಿವರಿಗೆ ಮಾತ್ರ, ಅದೂ ವಿಚಾರಿಸದೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಒಪ್ಪಿಕೊಂಡ ಮೇಲ್‌ಗೆ ಆಮೇಲೆ 'ತಲುಪಲಿಲ್ಲ' ಎಂಬ ಬೌನ್ಸ್ ಕಳಿಸಿದರೆ ಅದು ತಲುಪುವುದು ಸ್ಪ್ಯಾಮರ್‌ಗಲ್ಲ, ಅವನು ಯಾರ ವಿಳಾಸ ಕದ್ದಿದ್ದಾನೋ ಅವರಿಗೆ. ಏನೂ ಮಾಡದವರಿಗೆ ಕಾಟ, ನಿಮ್ಮ ಐಪಿಗೆ ಕೆಟ್ಟ ಹೆಸರು.

ನಿಮ್ಮ ಡೊಮೇನ್ ಹೆಸರು ರಿಲೇ ಡೊಮೇನ್ಸ್‌ನಲ್ಲಿ (ಬೇರೆಡೆಗೆ ದಾಟಿಸುವ ಡೊಮೇನ್‌ಗಳ ಪಟ್ಟಿ) ಮಾತ್ರ ಇರಲಿ, ಮೈ ಡೆಸ್ಟಿನೇಷನ್‌ನಲ್ಲಿ (ಇಲ್ಲೇ ಉಳಿಸಿಕೊಳ್ಳುವವುಗಳ ಪಟ್ಟಿ) ಬೇಡ. ಟ್ರಾನ್ಸ್‌ಪೋರ್ಟ್ ಮ್ಯಾಪ್‌ನಲ್ಲಿ (ಯಾವ ವಿಳಾಸದ ಮೇಲ್ ಎಲ್ಲಿಗೆ ಎಂಬ ಪಟ್ಟಿ) ಹೊಸ ಕಡೆಗೆ ಬಂದವರ ಪೂರ್ತಿ ವಿಳಾಸಕ್ಕೆ ಎಲ್‌ಎಂಟಿಪಿ (ಡವ್‌ಕಾಟ್‌ಗೆ ಮೇಲ್ ಒಪ್ಪಿಸುವ ವಿಧಾನ), ಬರೀ ಡೊಮೇನ್‌ಗೆ ಎಕ್ಸ್‌ಚೇಂಜ್‌ನ ಐಪಿ ಕೊಡಿ. ಪೂರ್ತಿ ವಿಳಾಸವನ್ನೇ ಮೊದಲು ನೋಡುವುದರಿಂದ ಉಳಿದವೆಲ್ಲ ತಾವಾಗಿ ಎಕ್ಸ್‌ಚೇಂಜ್ ಕಡೆ ಹೋಗುತ್ತವೆ. ಐಪಿಗೆ ಚೌಕ ಆವರಣ ಮರೆಯಬೇಡಿ.

ಇನ್ನು ಪರಿಶೀಲನೆ. ಸ್ವೀಕರಿಸುವವರ ನಿರ್ಬಂಧಗಳಲ್ಲಿ ರಿಜೆಕ್ಟ್ ಅನ್‌ಆಥ್ ಡೆಸ್ಟಿನೇಷನ್ (ನಮ್ಮದಲ್ಲದ ಡೊಮೇನ್‌ಗಳ ಮೇಲ್ ತಡೆಯುವ ನಿಯಮ) ಆದ ಮೇಲೆ, ಕೊನೆಗೆ, ರಿಜೆಕ್ಟ್ ಅನ್‌ವೆರಿಫೈಡ್ ರೆಸಿಪಿಯೆಂಟ್ (ವಿಳಾಸ ಇದೆಯೇ ಎಂದು ಕೇಳಿ ನೋಡುವ ನಿಯಮ) ಹಾಕಿ. ಮೇಲ್ ಬಂದಾಗ ಪೋಸ್ಟ್‌ಫಿಕ್ಸ್ ಆ ಮೇಲ್ ತಲುಪಬೇಕಾದ ಸರ್ವರ್‌ಗೆ ಹೋಗಿ 'ಆರ್‌ಸಿಪಿಟಿ ಟು' (ಇಂಥವರಿಗೆ ಮೇಲ್ ಇದೆ ಎಂದು ಹೇಳುವ ಹಂತ) ತನಕ ಮಾತಾಡಿ, ಮೇಲ್‌ನ ಡೇಟಾ ಕಳಿಸದೆ ವಾಪಸ್ ಬರುತ್ತದೆ. ಸಿಕ್ಕ ಉತ್ತರ ಕ್ಯಾಶ್‌ಗೆ ಸೇರುತ್ತದೆ.

ಇದೆಲ್ಲ ನಿಂತಿರುವುದು ಎಕ್ಸ್‌ಚೇಂಜ್ ನಿಜ ಹೇಳುತ್ತದೆಯೇ ಎಂಬುದರ ಮೇಲೆ. ಅದರ ಪೋರ್ಟ್ 25ಕ್ಕೆ ಟೆಲ್‌ನೆಟ್ ಮಾಡಿ (ಕಮಾಂಡ್ ಮೂಲಕ ನೇರ ಸಂಪರ್ಕಿಸಿ), ಇಲ್ಲದ ಹೆಸರೊಂದನ್ನು ಕೊಟ್ಟು ನೋಡಿ. 550 (ತಿರಸ್ಕಾರ) ಬಂದರೆ ಸರಿ. 250 (ಒಪ್ಪಿಗೆ) ಬಂದರೆ ಅದು ಎಲ್ಲರಿಗೂ ಹೂಂ ಅನ್ನುತ್ತಿದೆ, ಪರಿಶೀಲನೆಗೆ ಅರ್ಥವೇ ಇಲ್ಲ. ಆಗ ಅಲ್ಲಿ ರೆಸಿಪಿಯೆಂಟ್ ಫಿಲ್ಟರಿಂಗ್ (ಇಲ್ಲದವರನ್ನು ತಿರಸ್ಕರಿಸುವ ವ್ಯವಸ್ಥೆ) ಆನ್ ಮಾಡಿಸಿ ಮತ್ತೆ ಪರೀಕ್ಷಿಸಿ, ಆಗಲೂ 250 ಬಂದರೆ ಎಲ್‌ಡ್ಯಾಪ್‌ನಿಂದ (ಬಳಕೆದಾರರ ಡೈರೆಕ್ಟರಿ) ಪಟ್ಟಿ ತೆಗೆದು ರಿಲೇ ರೆಸಿಪಿಯೆಂಟ್ ಮ್ಯಾಪ್ಸ್‌ಗೆ (ಪೋಸ್ಟ್‌ಫಿಕ್ಸ್ ಒಪ್ಪಬೇಕಾದ ವಿಳಾಸಗಳ ಪಟ್ಟಿ) ಕೊಡಿ. ಪಟ್ಟಿಯಲ್ಲಿ ಎರಡೂ ಕಡೆಯವರಿರಬೇಕು.

ಪೋಸ್ಟ್‌ಫಿಕ್ಸ್‌ನ ಈ ಪರಿಶೀಲನೆಯಲ್ಲಿ ತಿರಸ್ಕಾರದ ಕೋಡ್ ಮೊದಲಿಂದ 450 (ಸದ್ಯಕ್ಕೆ ಬೇಡ, ಮತ್ತೆ ಪ್ರಯತ್ನಿಸಿ) ಇರುತ್ತದೆ. ಕೆಲವು ದಿನ ಹಾಗೇ ಬಿಟ್ಟು ಲಾಗ್ ನೋಡಿ. ನಿಜವಾದ ವಿಳಾಸ ಯಾವುದೂ ಸಿಕ್ಕಿಬೀಳುತ್ತಿಲ್ಲ ಅನ್ನಿಸಿದ ಮೇಲೆ 550 ಮಾಡಿ. ಎಕ್ಸ್‌ಚೇಂಜ್ ಮಲಗಿದ್ದರೆ ಭಯ ಬೇಡ, ಕ್ಯಾಶ್‌ನಲ್ಲಿ ಇಲ್ಲದ ವಿಳಾಸಕ್ಕೆ ಆಗಲೂ 450 ಹೋಗುತ್ತದೆ, ಕಳಿಸಿದವರ ಸರ್ವರ್ ಮತ್ತೆ ಪ್ರಯತ್ನಿಸುತ್ತದೆ.

ಒಂದು ಎಚ್ಚರಿಕೆ: 'ಇಲ್ಲ' ಎಂಬ ಉತ್ತರವೂ ಕ್ಯಾಶ್‌ನಲ್ಲಿ 3 ದಿನ ಇರುತ್ತದೆ, ಮರುಪರಿಶೀಲನೆ 3 ಗಂಟೆ ಕಳೆದ ಮೇಲೆ. ಖಾತೆ ತೆರೆಯುವ ಮೊದಲೇ ಆ ವಿಳಾಸಕ್ಕೆ ಯಾರಾದರೂ ಬರೆದಿದ್ದರೆ, ತೆರೆದ ಮೇಲೂ ಸ್ವಲ್ಪ ಹೊತ್ತು ಮೇಲ್ ವಾಪಸ್ ಹೋಗಬಹುದು. ವಲಸೆ ಮುಗಿಯುವ ತನಕ ಆ ನೆಗೆಟಿವ್ ರಿಫ್ರೆಶ್ ಸಮಯವನ್ನು ಕಮ್ಮಿ ಮಾಡಿಡಿ.