ಯೋಂಗ್ಲ ವಿಶ್ವಕೋಶದ ಪೂರ್ತಿ ಸೆಟ್ ಎಲ್ಲಿದೆ?

ಚೀನಾದ ಮಿಂಗ್ ರಾಜವಂಶದ ಕಾಲದಲ್ಲಿ ಯೋಂಗ್ಲ ಚಕ್ರವರ್ತಿ ಮಾಡಿಸಿದ ಸಚಿತ್ರ ಯೋಂಗ್ಲ ವಿಶ್ವಕೋಶ ಯಾವ ಲೈಬ್ರರಿಯಲ್ಲಿ ಪೂರ್ತಿಯಾಗಿ ಸಿಗುತ್ತದೆ ಅಂತ ಕೇಳಿದ್ದೀರಿ. ಎಲ್ಲೂ ಇಲ್ಲ. 1408ರಲ್ಲಿ ಮುಗಿದ ಮೂಲಪ್ರತಿ ಕಾಣೆಯಾಗಿದೆ. ಉಳಿದಿರುವುದು 1560ರ ದಶಕದಲ್ಲಿ ಕೈಬರಹದಲ್ಲೇ ಮಾಡಿಸಿದ ನಕಲು. ಅದರಲ್ಲೂ 11,000ಕ್ಕೂ ಹೆಚ್ಚು ಸಂಪುಟಗಳ ಪೈಕಿ ಸುಮಾರು 400 ಮಾತ್ರ! ಬೀಜಿಂಗ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹೆಚ್ಚಿವೆ. ಬ್ರಿಟಿಷ್ ಲೈಬ್ರರಿ, ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ಕೆಲವಿವೆ. ಡಿಜಿಟಲ್ ಪುಟಗಳನ್ನು ದಯವಿಟ್ಟು ದೊಡ್ಡದು ಮಾಡಿ ನೋಡಿ: ಹಳದಿ ರೇಷ್ಮೆ ಹೊದಿಸಿದ ರಟ್ಟು, ಕೆಂಪು ಗೆರೆಗಳ ನಡುವೆ ಕರಿ ಶಾಯಿಯ ದುಂಡನೆಯ ಬರಹ, ಆಕರ ಗ್ರಂಥದ ಹೆಸರು ಬಂದಲ್ಲಿ ಕೆಂಪು ಶಾಯಿ.

ನಿಮಗೆ ಚಿತ್ರಗಳೇ ಮುಖ್ಯವಾದರೆ 1609ರ ‘ಸಾನ್‌ತ್ಸಾಯ್ ಥೂಹುಯ್’ ಎಂಬ ಚೀನೀ ಸಚಿತ್ರ ವಿಶ್ವಕೋಶ ಹುಡುಕಿ. ವಾಂಗ್ ಛೀ ಮತ್ತು ಅವನ ಮಗ ಸೇರಿ ಮಾಡಿದ್ದು, ಮರದಚ್ಚಿನ ಮುದ್ರಣ. ನಕ್ಷತ್ರ, ನಕಾಶೆ, ಉಡುಪು, ಪ್ರಾಣಿ ಎಲ್ಲಕ್ಕೂ ಚಿತ್ರವಿದೆ. ನನಗಂತೂ ಇದೇ ಹೆಚ್ಚು ಇಷ್ಟ.