ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ: ಕುದಿಸಿದರೆ ಹೋಗುತ್ತದೆಯೇ? ಆರ್‌ಒ ಹೊರಬಿಡುವ ನೀರನ್ನು ಏನು ಮಾಡಬೇಕು?

ದೇವದುರ್ಗದ ಹತ್ತಿರ ನಿಮ್ಮ ಹೊಲದ ಬೋರ್ ನೀರಿನಲ್ಲಿ ಲೀಟರಿಗೆ 84 ಮೈಕ್ರೋಗ್ರಾಂ ಯುರೇನಿಯಂ ಬಂದಿದೆ ಎಂದಿದ್ದೀರಿ. ನಾನು ಲಿಂಗಸುಗೂರು ತಾಲ್ಲೂಕಿನವನು, ಊರಿನ ಶುದ್ಧ ನೀರಿನ ಘಟಕವನ್ನು ಐದು ವರ್ಷ ನೋಡಿಕೊಂಡಿದ್ದೇನೆ.

ಕುದಿಸಿ ಕುಡಿಯುವ ಯೋಚನೆ ಇವತ್ತೇ ಬಿಡಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಯುರೇನಿಯಂ ಪಾತ್ರೆಯಲ್ಲೇ ಉಳಿಯುತ್ತದೆ. ಹತ್ತು ಲೀಟರ್ ಕುದ್ದು ಒಂಬತ್ತಾದರೆ ನಿಮ್ಮ 84 ಸುಮಾರು 93ಕ್ಕೆ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಬೆಳಕಿನ ಫಿಲ್ಟರ್ ಕೂಡ ಇದಕ್ಕೆ ಆಗಿಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 30, ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು 60. ನಿಮ್ಮ ನೀರು ಎರಡನ್ನೂ ದಾಟಿದೆ. ವಿಕಿರಣಕ್ಕಿಂತ ಇದರ ವಿಷಗುಣದ್ದೇ ಹೆಚ್ಚಿನ ಚಿಂತೆ, ಮೊದಲ ಪೆಟ್ಟು ಮೂತ್ರಪಿಂಡಕ್ಕೆ.

ಆರ್‌ಒ ಹಾಕಿಸಿ, ಅಂದರೆ ಮೆಂಬ್ರೇನ್ ಎಂಬ ಅತಿ ಸಣ್ಣ ರಂಧ್ರದ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಯಂತ್ರ. ಚೆನ್ನಾಗಿರುವ ಮೆಂಬ್ರೇನ್ ನೂರರಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚನ್ನು ತಡೆಯುತ್ತದೆ, ನಮ್ಮ ರಾಯಚೂರು ಜಿಲ್ಲೆಯನ್ನು ಕಾಡುವ ಫ್ಲೋರೈಡ್ ಕೂಡ ಇಳಿಯುತ್ತದೆ.

ಆದರೆ ತಡೆದದ್ದು ಮಾಯವಾಗುವುದಿಲ್ಲ. ನಾಲ್ಕು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಶುದ್ಧವಾದರೆ, ಉಳಿದ ಮೂರು ಲೀಟರಿನಲ್ಲಿ ಪ್ರಮಾಣ 112ರ ಹತ್ತಿರ. ನೀರು ಉಳಿಸುತ್ತದೆ ಎಂದು ಅರ್ಧಕ್ಕರ್ಧ ಶುದ್ಧ ಮಾಡುವ ಯಂತ್ರ ತಂದರೆ 168ರ ಹತ್ತಿರ ಹೋಗುತ್ತದೆ. ನಮ್ಮ ಮನೆಯಲ್ಲಿ ಅವ್ವ ಆ ಉಳಿದ ನೀರು ಹೊರಬರುವ ಪೈಪನ್ನು ಎಮ್ಮೆಯ ಕಲ್ಲಿನ ಬಾನಿಗೆ ಬಿಟ್ಟಿದ್ದಳು, ನೀರು ಚೆಲ್ಲಿಹೋಗುತ್ತದಲ್ಲ ಅಂತ. ಕೆಲವೇ ತಿಂಗಳಲ್ಲಿ ಬಾನಿಯ ಅಂಚಿಗೆ ಉಗುರಿನಿಂದ ಕೆರೆದರೂ ಏಳದ ಬಿಳಿ ಪೊರೆ ಕಟ್ಟಿತ್ತು. ಆ ಪೊರೆ ಬಹುಪಾಲು ಸುಣ್ಣದ ಅಂಶ, ಆದರೆ ಅದನ್ನು ನೋಡಿದ ಮೇಲೆ ಅವ್ವನಿಗೆ ನಾನು ಬೇರೆ ಹೇಳಬೇಕಾಗಲಿಲ್ಲ. ಅವತ್ತೇ ಪೈಪ್ ತೆಗೆದು ಪಾಯಖಾನೆಯ ಡ್ರಮ್ಮಿಗೆ ತಿರುಗಿಸಿದೆವು. ನೀವೂ ಆ ನೀರನ್ನು ಪಾಯಖಾನೆಗೆ, ನೆಲ ಒರೆಸಲು ಬಳಸಿ; ದನಕ್ಕೆ, ಕೈತೋಟಕ್ಕೆ, ಬೋರ್ ಪಕ್ಕದ ಇಂಗುಗುಂಡಿಗೆ ಮಾತ್ರ ಬೇಡ.

ಯಾರಾದರೂ ರೆಸಿನ್ ಟ್ಯಾಂಕ್ (ನೀರಿನಲ್ಲಿ ಕರಗಿದ್ದನ್ನು ಹಿಡಿಯುವ ಸಣ್ಣ ಮಣಿಗಳನ್ನು ತುಂಬಿದ ಟ್ಯಾಂಕ್) ಹಾಕಿಕೊಡುತ್ತೇವೆ ಎಂದು ಬರಬಹುದು. ಅದು ಯುರೇನಿಯಂ ಅನ್ನು ಚೆನ್ನಾಗಿಯೇ ಹಿಡಿಯುತ್ತದೆ, ತನ್ನೊಳಗೇ ಕೂಡಿಡುತ್ತದೆ. ಆಮೇಲೆ ಉಪ್ಪುನೀರಿನಲ್ಲಿ ತೊಳೆದರೆ ಕೂಡಿದ್ದೆಲ್ಲ ಒಂದೆರಡು ಬಕೆಟ್ಟಿನಲ್ಲಿ ಬಂದು ಕೂರುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ ಅದು. ಸವೆದ ರೆಸಿನ್ ವಾಪಸ್ ಒಯ್ಯುತ್ತೇವೆ ಎಂದು ಬರೆದುಕೊಡದವರಿಂದ ಕೊಳ್ಳಲೇಬೇಡಿ.

ಟಿಡಿಎಸ್ ಮೀಟರ್ ನೋಡಿ ಸಮಾಧಾನಪಡಬೇಡಿ. ಅದು ನೀರಿನಲ್ಲಿ ಕರಗಿದ ಉಪ್ಪಿನಂಶವನ್ನೆಲ್ಲ ಒಟ್ಟಾಗಿ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ನಿಮ್ಮ 84 ಮೈಕ್ರೋಗ್ರಾಂ ಎಂದರೆ 0.084 ಮಿಲಿಗ್ರಾಂ, ಅದರ ಕಣ್ಣಿಗೇ ಬೀಳದು. ಆರ್‌ಒ ಕೂರಿಸಿದ ವಾರದಲ್ಲಿ ಶುದ್ಧ ನೀರನ್ನು, ಮೊದಲು ಪರೀಕ್ಷೆ ಮಾಡಿದ ಪ್ರಯೋಗಾಲಯಕ್ಕೇ ಕಳಿಸಿ. ಆಮೇಲೆ ಮೆಂಬ್ರೇನ್ ಬದಲಿಸಿದಾಗಲೆಲ್ಲ ಇನ್ನೊಮ್ಮೆ. ವರದಿ ಬರುವ ತನಕ ಮಕ್ಕಳಿಗೆ ಬೇರೆ ಕಡೆಯ ನೀರು ತಂದು ಕೊಡಿ.